ನಿಮಗಿದು ಗೊತ್ತೇ? ಮನಾಲಿ–ಲೇಹ್ ಸೈಕಲ್ ದಾರಿಯ ಲೆಕ್ಕಗಳು

● ಕರ್ನಾಟಕದಲ್ಲಿ ಮುಳ್ಳಯ್ಯನಗಿರಿಗಿಂತ ಎತ್ತರದ ಜಾಗವಿಲ್ಲ. ಅದು 1,930 ಮೀಟರ್. ಹಿಮಾಚಲದ ಮನಾಲಿ ಪೇಟೆ ಇರುವುದೇ ಸುಮಾರು 2,050 ಮೀಟರ್‌ನಲ್ಲಿ. ಅಂದರೆ ಮನಾಲಿಯಿಂದ ಲೇಹ್‌ಗೆ ಸೈಕಲ್ ಹೊರಟವರು ಪೆಡಲ್ ಮೇಲೆ ಕಾಲಿಡುವ ಮುಂಚೆಯೇ ನಮ್ಮ ರಾಜ್ಯದ ಎಲ್ಲ ಬೆಟ್ಟಗಳಿಗಿಂತ ಮೇಲಿರುತ್ತಾರೆ. ಅಲ್ಲಿಂದ ಎದುರಾಗುವ ಮೊದಲ ಘಾಟಿ ರೋಹ್ತಾಂಗ್, 3,978 ಮೀಟರ್. ಕಳೆದು ನೋಡಿ. ಏರಬೇಕಾದದ್ದು ಸಮುದ್ರದಂಡೆಯಿಂದ ಇನ್ನೊಂದು ಮುಳ್ಳಯ್ಯನಗಿರಿ! ಈ ದಾರಿಯ ಐದು ಘಾಟಿಗಳಲ್ಲಿ ರೋಹ್ತಾಂಗೇ ಎಲ್ಲಕ್ಕಿಂತ ಗಿಡ್ಡ.

● ದೂರದ ಲೆಕ್ಕದಲ್ಲಿ ಇದು ದೊಡ್ಡ ಸವಾರಿಯೇನಲ್ಲ. ಸುಮಾರು 475 ಕಿ.ಮೀ.; ಬೆಂಗಳೂರಿನಿಂದ ಬೆಳಗಾವಿ ಇದಕ್ಕಿಂತ ದೂರ. ಬಯಲಿನಲ್ಲಿ ಪಳಗಿದ ಸವಾರರು ಎರಡು ದಿನದಲ್ಲಿ ಮುಗಿಸಬಹುದಾದ ಹಾದಿಗೆ ಇಲ್ಲಿ ಎಂಟು ಹತ್ತು ದಿನ ಇಟ್ಟುಕೊಳ್ಳುತ್ತಾರೆ. ರೋಹ್ತಾಂಗ್ ಆದ ಮೇಲೆ 4,900 ಮೀಟರ್‌ಗೆ ಸಮೀಪದ ಬಾರಾಲಾಚಾ ಲಾ, 4,700 ದಾಟುವ ನಕೀ ಲಾ, 5,060ರ ಆಸುಪಾಸಿನ ಲಾಚುಂಗ್ ಲಾ, ಕೊನೆಗೆ 5,328 ಮೀಟರ್‌ನ ತಂಗ್ಲಾಂಗ್ ಲಾ. ಒಂದು ಏರಿ ಇಳಿದರೆ ಮತ್ತೊಂದು. ಇಳಿದದ್ದನ್ನೆಲ್ಲ ಮತ್ತೆ ಏರಬೇಕಾದ್ದರಿಂದ ಒಟ್ಟು ಏರು ಐದೂವರೆ ಸಾವಿರ ಮೀಟರ್ ಮೀರುತ್ತದೆ.

● ಹಾಗಾದರೆ ದಾರಿ ತೀರಾ ಕಡಿದೇ? ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಗಡಿ ರಸ್ತೆ ಸಂಸ್ಥೆ ಈ ರಸ್ತೆಯನ್ನು ಕಡಿದದ್ದು ಸೇನೆಯ ಲಾರಿಗಳಿಗಾಗಿ. ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ತುಂಬಿದ ಲಾರಿ ಆಮ್ಲಜನಕ ಕಡಿಮೆ ಇರುವ ಕಡೆ ಮುಲುಗುತ್ತಾ ಏರಬೇಕಲ್ಲ, ಹಾಗಾಗಿ ಏರು ಬಹುಪಾಲು ಕಡೆ ಶೇ 5ರಿಂದ 7ರೊಳಗೇ ಇದೆ. ನೂರು ಮೀಟರ್ ಮುಂದೆ ಹೋದರೆ ಐದರಿಂದ ಏಳು ಮೀಟರ್ ಮೇಲೆ, ಅಷ್ಟೇ.

ಕಡಿದಾದ ಏರು ಬೇಕಿದ್ದರೆ ನಮ್ಮ ಪಕ್ಕದಲ್ಲೇ ಇದೆ. ಬಂಡೀಪುರ, ಮುದುಮಲೆ ದಾಟಿ ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಹಟ್ಟಿ ಘಾಟಿಗೆ 36 ಹೇರ್‌ಪಿನ್ ತಿರುವುಗಳು. ಹಲವು ಕಡೆ ಏರು ಶೇ 10 ಮೀರುತ್ತದೆ. ಇಳಿಯುವಾಗ ವಾಹನಗಳ ಬ್ರೇಕ್ ಕೈಕೊಡುವುದಕ್ಕೆ ಈ ಘಾಟಿ ಕುಖ್ಯಾತ. ಬೆಂಗಳೂರಿನ ಸೈಕಲ್ ಪ್ರಿಯರು 2008ರಲ್ಲಿ ಶುರುಮಾಡಿದ ‘ಟೂರ್ ಆಫ್ ನೀಲಗಿರೀಸ್’ ಸವಾರಿಯಲ್ಲಿ ಎಲ್ಲರೂ ಭಯಭಕ್ತಿಯಿಂದ ಮಾತಾಡುವುದು ಈ ಏರಿನ ಬಗ್ಗೆಯೇ. ಕಲ್ಹಟ್ಟಿ ಏರಿದ ಕಾಲಿಗೆ ತಂಗ್ಲಾಂಗ್ ಲಾ ರಸ್ತೆ ಸಲೀಸು. ಶ್ವಾಸಕೋಶದ ಮಾತು ಬೇರೆ.

● ಟೂರ್ ಡಿ ಫ್ರಾನ್ಸ್ ಸೈಕಲ್ ಓಟ ತನ್ನ ಇತಿಹಾಸದಲ್ಲಿ ಮುಟ್ಟಿದ ಅತ್ಯಂತ ಎತ್ತರದ ಜಾಗ ಆಲ್ಪ್ಸ್‌ನ ಬೋನೆಟ್, 2,802 ಮೀಟರ್. ಲೇಹ್ ದಾರಿಯಲ್ಲಿ ಕೇಲಾಂಗ್ ಎಂಬ ಊರು ದಾಟಿದ ಮೇಲೆ ಅಷ್ಟು ತಗ್ಗಿನ ಜಾಗ ಒಂದೂ ಸಿಗುವುದಿಲ್ಲ.

● ಫ್ರಾನ್ಸ್‌ನ ಪ್ರಸಿದ್ಧ ಏರು ಆಲ್ಪ್ ದ್ಯುಯೆಜ್‌ಗೆ 21 ಹೇರ್‌ಪಿನ್ ತಿರುವುಗಳು. ಲೇಹ್ ದಾರಿಯಲ್ಲಿ ಸರ್ಚು ಎಂಬ ತಂಗುದಾಣ ಆದಮೇಲೆ ಬರುವ ಗಾಟಾ ಲೂಪ್ಸ್ ಏರಿಗೂ ಸರಿಯಾಗಿ 21! ಫ್ರಾನ್ಸ್‌ನಲ್ಲಿ ತಿರುವುಗಳಿಗೆ ಮೇಲಿನಿಂದ ಕೆಳಕ್ಕೆ ಸಂಖ್ಯೆ ಕೊಟ್ಟು, ಒಂದೊಂದರಲ್ಲೂ ಅಲ್ಲಿ ಗೆದ್ದವರ ಹೆಸರಿನ ಫಲಕ ಹಾಕಿದ್ದಾರೆ. 1952ರಲ್ಲಿ ಮೊದಲು ಗೆದ್ದವರು ಇಟಲಿಯ ಫೌಸ್ಟೊ ಕಾಪ್ಪಿ. ಗಾಟಾ ಲೂಪ್ಸ್‌ನಲ್ಲಿ ಗೆದ್ದವರ ಫಲಕಗಳಿಲ್ಲ, ಭೂತದ ಗುಡಿಯಿದೆ.

ಕಥೆ ಹೀಗೆ. ಚಳಿಗಾಲ ಕಾಲಿಡುವ ಹೊತ್ತಿನಲ್ಲಿ ಒಂದು ಲಾರಿ ಇಲ್ಲಿ ಕೆಟ್ಟು ನಿಂತಿತಂತೆ. ಚಾಲಕ ಸಹಾಯ ತರಲೆಂದು ನಡೆದು ಹೋದ. ಕ್ಲೀನರ್‌ಗೆ ಹುಷಾರಿಲ್ಲ, ಲಾರಿಯಲ್ಲೇ ಉಳಿದ. ಅಷ್ಟರಲ್ಲಿ ಹಿಮ ಬಿದ್ದು ದಾರಿ ಮುಚ್ಚಿತು. ದಿನಗಳು ಕಳೆದು ಜನ ಬಂದು ನೋಡಿದರೆ ಕ್ಲೀನರ್ ಚಳಿಗೂ ಬಾಯಾರಿಕೆಗೂ ಸತ್ತಿದ್ದ. ಅಲ್ಲೇ ಮಣ್ಣು ಮಾಡಿದರು. ಆಮೇಲೆ ಹೋಗಿಬರುವವರನ್ನು ನಿಲ್ಲಿಸಿ ನೀರು ಕೇಳುವ ಒಬ್ಬ ಮನುಷ್ಯ ಕಾಣಿಸತೊಡಗಿದನಂತೆ. ಕಥೆ ನಿಜವೋ ಸುಳ್ಳೋ, ನೀರಿನ ಬಾಟಲಿಗಳಂತೂ ನಿಜ. ಕಲ್ಲು ಜೋಡಿಸಿದ ಪುಟ್ಟ ಗೂಡಿನ ಸುತ್ತ ಮುಚ್ಚಳ ತೆಗೆಯದ ನೂರಾರು ಬಾಟಲಿ, ನಡುವೆ ಬೀಡಿ ಸಿಗರೇಟು. ನೀರು ಮುಗಿದು ನಾಲಿಗೆ ಅಂಟಿಕೊಂಡ ಸೈಕಲ್ ಸವಾರ ಆ ರಾಶಿಯ ಮುಂದೆ ನಿಂತಾಗ ಭೂತಕ್ಕಿಂತ ದೊಡ್ಡ ಪರೀಕ್ಷೆ ಎದುರಾಗುತ್ತದೆ. ಬಿಸಿಲಲ್ಲಿ ತಿಂಗಳುಗಟ್ಟಲೆ ಕಾದ ಪ್ಲಾಸ್ಟಿಕ್ಕಿನ ನೀರು ಅದು. ಭೂತಕ್ಕೇ ಬಿಡುವುದು ಒಳ್ಳೆಯದು.

● ಗಾಟಾ ಲೂಪ್ಸ್‌ಗೆ ಮುಂಚೆ ಸಿಗುವ ಹಳ್ಳದ ಹೆಸರು ಬ್ರಾಂಡಿ ನಾಲಾ. ನಕೀ ಲಾ ಇಳಿದ ಮೇಲೆ ಸಿಗುವುದು ವಿಸ್ಕಿ ನಾಲಾ. ಇಷ್ಟು ಎತ್ತರದಲ್ಲಿ ಹತ್ತಿರ ಸೇರಿಸಬಾರದ ಪದಾರ್ಥಗಳ ಹೆಸರನ್ನೇ ಹುಡುಕಿ ಇಟ್ಟಂತಿದೆ.

● “ಮೇಲೆ ಗಾಳಿಯಲ್ಲಿ ಆಮ್ಲಜನಕ ಕಡಿಮೆ” ಎನ್ನುವುದು ಅರ್ಧ ಸತ್ಯ. ಉಡುಪಿಯ ಕಡಲತಡಿಯಲ್ಲೂ ತಂಗ್ಲಾಂಗ್ ಲಾ ನೆತ್ತಿಯಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಒಂದೇ, ಶೇ 21. ಕಡಿಮೆಯಾಗುವುದು ಒತ್ತಡ. 5,300 ಮೀಟರ್‌ನಲ್ಲಿ ವಾಯುಭಾರ ಸಮುದ್ರಮಟ್ಟದ ಹೆಚ್ಚುಕಮ್ಮಿ ಅರ್ಧ. ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ. ದೇಹ ದುಡಿಯಬಲ್ಲ ಗರಿಷ್ಠ ಶಕ್ತಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕುಸಿಯುತ್ತದೆ. ಊರಿನಲ್ಲಿ ಗಂಟೆಗೆ ಹನ್ನೆರಡು ಕಿ.ಮೀ. ವೇಗದಲ್ಲಿ ಏರುತ್ತಿದ್ದವರು ಐದಾರಕ್ಕೆ ಇಳಿಯುತ್ತಾರೆ. ಅದಕ್ಕಿಂತ ನಿಧಾನವಾದರೆ ಸೈಕಲ್ ಓಲಾಡುತ್ತದೆ; ಇಳಿದು ತಳ್ಳುವುದೇ ಮೇಲು. ತಳ್ಳುವಾಗಲೂ ಇಪ್ಪತ್ತು ಹೆಜ್ಜೆಗೊಮ್ಮೆ ಹ್ಯಾಂಡಲ್ ಮೇಲೆ ಹಣೆಯಿಟ್ಟು ನಿಲ್ಲಬೇಕಾಗುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ತಂಗ್ಲಾಂಗ್ ಲಾ ಕೊನೆಯ ತಿರುವುಗಳಲ್ಲಿ ಎಲ್ಲರೂ ಸಮಾನರು.

● ಬಾಟಲಿ ಎತ್ತಿ ಒಂದು ಗುಟುಕು ನೀರು ಕುಡಿದರೂ ಸಾಕು, ಉಸಿರಿನ ತಾಳ ತಪ್ಪುತ್ತದೆ. ನುಂಗುವ ಆ ಎರಡು ಕ್ಷಣ ಉಸಿರು ನಿಂತದ್ದಕ್ಕೆ ಮುಂದಿನ ಒಂದು ನಿಮಿಷ ಏದುಸಿರಿನ ದಂಡ ಕಟ್ಟಬೇಕು.

● ಹಗಲಿಗಿಂತ ರಾತ್ರಿಯೇ ಭಯ. ಡೇರೆಯಲ್ಲಿ ಪಕ್ಕದಲ್ಲಿ ಮಲಗಿದ ಗೆಳೆಯನ ಉಸಿರು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಐದು ಸೆಕೆಂಡು, ಹತ್ತು ಸೆಕೆಂಡು. ಅಲುಗಾಡಿಸೋಣವೇ ಎಂದು ಕೈ ಚಾಚುವಷ್ಟರಲ್ಲಿ ದೊಡ್ಡದೊಂದು ಉಸಿರೆಳೆದು ಮತ್ತೆ ಶುರು. ಎತ್ತರದ ಜಾಗಗಳಲ್ಲಿ ಆರೋಗ್ಯವಂತರಿಗೂ ಹೀಗಾಗುವುದು ಸಾಮಾನ್ಯ. ಆಮ್ಲಜನಕ ಸಾಲದೆ ದೇಹ ಜೋರಾಗಿ ಉಸಿರಾಡುತ್ತದೆ. ಅದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದಾಗ ಮಿದುಳು “ಉಸಿರಾಡುವ ಅವಸರವೇನಿಲ್ಲ” ಎಂದು ಸುಮ್ಮನಾಗುತ್ತದೆ. ಆಮ್ಲಜನಕ ಮತ್ತೆ ಕುಸಿದಾಗ ಎಚ್ಚೆತ್ತು ಗಬಗಬ ಉಸಿರೆಳೆಯುತ್ತದೆ. ಬೆಳಗಿನ ತನಕ ಇದೇ ಹಾವು ಏಣಿ ಆಟ.

● 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬೇಡಿ ಎನ್ನುವುದು ವೈದ್ಯರ ನಿಯಮ. ಈ ದಾರಿಯಲ್ಲಿ ಅದನ್ನು ಪಾಲಿಸುವುದೇ ಕಷ್ಟ. ಕೇಲಾಂಗ್, ಜಿಸ್ಪಾ, ದಾರ್ಚಾ ಎಲ್ಲ 3,000ರಿಂದ 3,400 ಮೀಟರ್‌ನೊಳಗಿವೆ; ಮುಂದೆ ಮಲಗಲು ಅನುಕೂಲವಿರುವ ಸರ್ಚು 4,290ರಲ್ಲಿ. ಅದಾದ ಮೇಲೆ ಪಾಂಗ್, ಇನ್ನೂ ಮುನ್ನೂರು ಮೀಟರ್ ಮೇಲೆ. ಇಲ್ಲಿ ಸೈಕಲ್ಲಿನವರಿಗೆ ಒಂದು ಅನುಕೂಲವಿದೆ. ಮನಾಲಿಯಲ್ಲಿ ನಸುಕಿಗೆ ಬಸ್ಸು ಹತ್ತಿ ಸಂಜೆ ಸರ್ಚುವಿನಲ್ಲಿ ಇಳಿಯುವ ಪ್ರವಾಸಿ ತಲೆ ಹಿಡಿದುಕೊಂಡು ವಾಂತಿ ಮಾಡುವಾಗ, ನಾಲ್ಕೈದು ದಿನ ತುಳಿದು ಅದೇ ಡೇರೆಗೆ ಬಂದ ಸವಾರ ರಾಜ್ಮಾ ಅನ್ನ ಕೇಳುತ್ತಿರುತ್ತಾನೆ. ನಿಧಾನವೇ ಇಲ್ಲಿ ಮದ್ದು. ಅಸೆಟಜೋಲಮೈಡ್ ಎಂಬ ಮಾತ್ರೆಯೂ ಇದೆ, ಡಯಾಮಾಕ್ಸ್ ಹೆಸರಲ್ಲಿ ಸಿಗುತ್ತದೆ. ಆದರೆ ವೈದ್ಯರನ್ನು ಕೇಳದೆ ನುಂಗುವಂಥದ್ದಲ್ಲ. ತಲೆನೋವಿನ ಜತೆ ನಡಿಗೆ ತೂರಾಡತೊಡಗಿದರೆ, ಕೂತಲ್ಲೇ ಉಬ್ಬಸ ಬಂದರೆ, ಯಾವ ಮಾತ್ರೆಗೂ ಕಾಯದೆ ಇಳಿಯಬೇಕು. ಸೈಕಲ್ ಅಲ್ಲೇ ಬಿಟ್ಟು, ಸಿಕ್ಕ ಗಾಡಿಯಲ್ಲಿ.

● ಎತ್ತರದ ಕಾಯಿಲೆಯ ಬಗ್ಗೆ ಜಗತ್ತಿಗೆ ಪಾಠ ಹೇಳಿದವರಲ್ಲಿ ಭಾರತೀಯ ಸೇನೆಯ ವೈದ್ಯರು ಮುಖ್ಯರು. 1962ರ ಯುದ್ಧದ ಹೊತ್ತಿಗೆ ಬಯಲುಸೀಮೆಯ ಸೈನಿಕರನ್ನು ನೇರವಾಗಿ ಹಿಮಾಲಯಕ್ಕೆ ಸಾಗಿಸಬೇಕಾಯಿತು. ಕಾಯಿಲೆ ಬಿದ್ದವರು ಬಹಳ. ಇಂದರ್ ಸಿಂಗ್ ಮತ್ತು ಸಂಗಡಿಗರು ಇಂಥ 1,925 ಸೈನಿಕರನ್ನು ಪರೀಕ್ಷಿಸಿ 1969ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಈಗಲೂ ವೈದ್ಯರು ಉಲ್ಲೇಖಿಸುತ್ತಾರೆ.

● ಪಾಂಗ್‌ನ ಡೇರೆ ಢಾಬಾಗಳಲ್ಲಿ ತೂಗುಹಾಕಿರುವ ಚಿಪ್ಸ್ ಪೊಟ್ಟಣಗಳು ಇನ್ನೇನು ಒಡೆಯುತ್ತವೆ ಅನ್ನುವಷ್ಟು ಊದಿಕೊಂಡಿರುತ್ತವೆ. ಒಳಗಿನದು ಕಾರ್ಖಾನೆಯ ಊರಿನ ಗಾಳಿ, ಹೊರಗಿನದು ಪಾಂಗ್‌ನ ತೆಳು ಗಾಳಿ. ಸೈಕಲ್ ಟ್ಯೂಬಿಗೂ ಇದೇ ಕತೆ. ಕೆಳಗೆ ತುಂಬಿಸಿದ ಗಾಳಿ ಮೇಲೆ ಬಂದಾಗ ಐದಾರು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಪಂಚರ್ ಆದರೆ ಮಾತ್ರ ಲೆಕ್ಕ ತಿರುಗುಮುರುಗು. ಪಂಪ್ ಒಮ್ಮೆ ಒತ್ತಿದರೆ ಒಳಹೋಗುವ ಗಾಳಿ ಇಲ್ಲಿ ಅರ್ಧ, ಆದ್ದರಿಂದ ಊರಲ್ಲಿ ನೂರು ಸಲ ಒತ್ತುತ್ತಿದ್ದವರು ಇಲ್ಲಿ ಇನ್ನೂರು ಸಲ ಒತ್ತಬೇಕು. ಅದೂ ಅರ್ಧ ಉಸಿರಲ್ಲಿ.

● ಪಾಂಗ್‌ನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಚಹಾ ಕುದಿಯುತ್ತಲೇ ಇರುತ್ತದೆ, ಊರಿನಷ್ಟು ಬಿಸಿ ಮಾತ್ರ ಆಗುವುದಿಲ್ಲ. ಕುಕ್ಕರ್ ಇಲ್ಲದೆ ಬೇಳೆ ಬೇಯುವುದು ಕನಸು. ಈ ಹೆದ್ದಾರಿಯ ರಾಷ್ಟ್ರೀಯ ಆಹಾರ ಮ್ಯಾಗಿ ಆಗಿರುವುದಕ್ಕೆ ರುಚಿಯೊಂದೇ ಕಾರಣವಲ್ಲ.

● ಸವಾರ, ಸೈಕಲ್, ಡೇರೆ, ಬಟ್ಟೆಬರೆ ಎಲ್ಲ ಸೇರಿ ನೂರು ಕಿಲೋ ಅನ್ನಿ. ಅದನ್ನು ಸಾವಿರ ಮೀಟರ್ ಮೇಲಕ್ಕೆತ್ತಲು 981 ಕಿಲೋಜೂಲ್ ಬೇಕು. ನಮ್ಮ ಸ್ನಾಯುಗಳು ತಿಂದದ್ದರಲ್ಲಿ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ಹಾಕುತ್ತವೆ, ಮಿಕ್ಕದ್ದೆಲ್ಲ ಶಾಖವಾಗಿ ಹೋಗುತ್ತದೆ. ಹೀಗಾಗಿ ಸಾವಿರ ಮೀಟರ್ ಏರಿಗೆ ಸಾವಿರದ ಹತ್ತಿರ ಕ್ಯಾಲೊರಿ. ಇಡ್ಲಿಗೆ ಐವತ್ತರಂತೆ ಹಿಡಿದರೆ ಇಪ್ಪತ್ತು ಇಡ್ಲಿ; ಮನಾಲಿಯಿಂದ ಲೇಹ್‌ವರೆಗಿನ ಏರುಗಳಿಗೇ ನೂರಕ್ಕೂ ಹೆಚ್ಚು. ದೇಹ ಬೆಚ್ಚಗಿಡಲು, ಗಾಳಿ ಎದುರಿಸಲು, ಸುಮ್ಮನೆ ಬದುಕಿರಲು ಬೇಕಾದದ್ದು ಇದರಲ್ಲಿ ಸೇರಿಲ್ಲ. ತಮಾಷೆ ಏನೆಂದರೆ ಅಷ್ಟು ಎತ್ತರದಲ್ಲಿ ಮೊದಲು ಸಾಯುವುದು ಹಸಿವೇ.

● ಟಾಂಡಿಯ ಪೆಟ್ರೋಲ್ ಬಂಕಿನಲ್ಲಿ ಒಂದು ಫಲಕ ಬಲು ಪ್ರಸಿದ್ಧ: ಮುಂದಿನ ಬಂಕ್ 365 ಕಿ.ಮೀ. ದೂರದಲ್ಲಿ. ಬೈಕಿನವರು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಸೈಕಲ್ಲಿನವರಿಗೆ ಪೆಟ್ರೋಲ್ ಬೇಡ, ಆದರೆ ಎಚ್ಚರಿಕೆ ಅವರಿಗೂ ಅನ್ವಯ. ದಾರ್ಚಾದಿಂದ ರುಮ್ಸೆವರೆಗೆ ಸುಮಾರು 250 ಕಿ.ಮೀ. ಉದ್ದಕ್ಕೂ ವರ್ಷಪೂರ್ತಿ ಜನ ವಾಸಿಸುವ ಹಳ್ಳಿಯೇ ಇಲ್ಲ. ಇರುವುದೆಲ್ಲ ಬೇಸಿಗೆಯ ಡೇರೆಗಳು ಮತ್ತು ಸೇನೆಯ ಶಿಬಿರಗಳು. ಹಾಗಾಗಿ ಬಿಡಿ ಕಡ್ಡಿ, ಚೈನ್ ಲಿಂಕ್, ಬ್ರೇಕ್ ಪ್ಯಾಡ್, ಗೇರ್ ಕೇಬಲ್ ಎಲ್ಲ ಚೀಲದಲ್ಲೇ ಇರಬೇಕು. ಕೈಲಾದವರು ಒಂದು ಬಿಡಿ ಟೈರನ್ನೂ ಮಡಿಸಿ ಇಟ್ಟುಕೊಳ್ಳುತ್ತಾರೆ.

● ತಾನೇ ರಿಪೇರಿ ಮಾಡಿಕೊಳ್ಳುವುದಕ್ಕೆ ಸೈಕಲ್ ಲೋಕದಲ್ಲಿ ಒಂದು ಪುರಾಣವೇ ಇದೆ. 1913ರ ಟೂರ್ ಡಿ ಫ್ರಾನ್ಸ್. ಯೂಜೀನ್ ಕ್ರಿಸ್ತೋಫ್ ಪಿರೆನೀಸ್‌ನ ಟೂರ್ಮಲೆ ಘಾಟಿ ಇಳಿಯುತ್ತಿದ್ದ. ಮುಂದಿನ ಚಕ್ರ ಹಿಡಿದಿಡುವ ಫೋರ್ಕ್ ಮುರಿಯಿತು. ಆಗಿನ ನಿಯಮದ ಪ್ರಕಾರ ಬೇರೆ ಸೈಕಲ್ ಪಡೆಯುವಂತಿಲ್ಲ, ಯಾರ ನೆರವೂ ಕೂಡದು. ಸೈಕಲ್ಲನ್ನು ಹೆಗಲಿಗೇರಿಸಿ ಹತ್ತು ಕಿ.ಮೀ.ಗೂ ಹೆಚ್ಚು ನಡೆದು ಸೇಂಟ್ ಮರಿ ದ ಕಾಂಪಾ ಎಂಬ ಹಳ್ಳಿ ಸೇರಿದ. ಅಲ್ಲಿನ ಕಮ್ಮಾರನ ಕುಲುಮೆಯಲ್ಲಿ, ತೀರ್ಪುಗಾರರ ಕಣ್ಣೆದುರೇ, ತಾನೇ ಕಬ್ಬಿಣ ಕಾಯಿಸಿ ಬಡಿದು ಫೋರ್ಕ್ ಬೆಸೆದ. ಗಂಟೆಗಟ್ಟಲೆ ಹಿಡಿಯಿತು. ಒಂದು ಕೈಯಲ್ಲಿ ಕಬ್ಬಿಣ, ಇನ್ನೊಂದರಲ್ಲಿ ಸುತ್ತಿಗೆ. ತಿದಿ ಒತ್ತುವುದಕ್ಕೆ ಮೂರನೇ ಕೈ ಎಲ್ಲಿಂದ ತರುವುದು? ಹಳ್ಳಿಯ ಹುಡುಗನೊಬ್ಬ ಒತ್ತಿಕೊಟ್ಟ. ಹೊರಗಿನವರ ನೆರವು ಪಡೆದ ಅಪರಾಧಕ್ಕೆ ಕ್ರಿಸ್ತೋಫ್‌ಗೆ ಹತ್ತು ನಿಮಿಷ ದಂಡ! ಆಮೇಲೆ ಮೂರು ನಿಮಿಷಕ್ಕೆ ಇಳಿಸಿದರಂತೆ, ದೊಡ್ಡ ಮನಸ್ಸು ಮಾಡಿ.

● ಅದೇ ಟೂರ್ಮಲೆ ಓಟಕ್ಕೆ ಸೇರಿದ್ದು 1910ರಲ್ಲಿ, ಒಂದು ಸುಳ್ಳಿನ ಬಲದಿಂದ. ಸಂಘಟಕರ ಪರವಾಗಿ ದಾರಿ ನೋಡಿ ಬರಲು ಹೋದ ಆಲ್ಫೋನ್ಸ್ ಸ್ಟೀನೆಸ್‌ನ ಕಾರು ಹಿಮದಲ್ಲಿ ಹೂತುಹೋಯಿತು. ಕತ್ತಲಲ್ಲಿ ಹಿಮ ತುಳಿದು, ಬಿದ್ದು ಎದ್ದು, ಹೇಗೋ ಜೀವಸಹಿತ ಆಚೆ ಕಡೆಯ ಊರು ಸೇರಿದ. ಬೆಳಿಗ್ಗೆ ಪ್ಯಾರಿಸ್‌ಗೆ ಕಳಿಸಿದ ತಂತಿಯ ಸಾರಾಂಶ: ಘಾಟಿ ದಾಟಿದ್ದೇನೆ, ರಸ್ತೆ ಬಹಳ ಚೆನ್ನಾಗಿದೆ. ಆ ವರ್ಷ ಸವಾರರು ಒಂದೇ ದಿನದಲ್ಲಿ 326 ಕಿ.ಮೀ. ತುಳಿಯಬೇಕಾಯಿತು, ಟೂರ್ಮಲೆ ಸೇರಿ ನಾಲ್ಕು ದೊಡ್ಡ ಘಾಟಿಗಳ ಮೇಲೆ. ಆಕ್ಟೇವ್ ಲಾಪಿಜ್ ಎಂಬ ಸವಾರ ಓಬಿಸ್ಕ್ ಘಾಟಿಯಲ್ಲಿ ಸೈಕಲ್ ತಳ್ಳುತ್ತಾ ಬಂದು ಸಂಘಟಕರ ಮುಖಕ್ಕೇ ‘ಕೊಲೆಗಡುಕರು’ ಎಂದು ಕೂಗಿದ. ಕೂಗಿದವನೇ ಆ ದಿನವನ್ನೂ ಗೆದ್ದ, ಆ ವರ್ಷದ ಟೂರನ್ನೂ ಗೆದ್ದ. ಏಳು ವರ್ಷದ ಮೇಲೆ ಮೊದಲ ಮಹಾಯುದ್ಧದಲ್ಲಿ ಯುದ್ಧವಿಮಾನದ ಪೈಲಟ್ ಆಗಿ ಸತ್ತ.

● ಈ ಸಾಹಸಗಳೆಲ್ಲ ನಡೆದದ್ದು ಈಗಿನಂಥ ಗೇರುಗಳಿಲ್ಲದೆ. ತುಳಿಯುತ್ತಲೇ ಗೇರು ಬದಲಿಸುವ ಡಿರೇಲರ್‌ಗೆ ಟೂರ್ ಡಿ ಫ್ರಾನ್ಸ್ ಒಪ್ಪಿಗೆ ಕೊಟ್ಟದ್ದು 1937ರಲ್ಲಿ! ಅದು ಮುದುಕರಿಗೆ ಲಾಯಕ್ಕು ಅನ್ನುವುದು ಓಟದ ಸ್ಥಾಪಕ ಆನ್ರಿ ದೆಗ್ರಾಂಜ್‌ನ ಹಟವಾಗಿತ್ತು. ಲೇಹ್ ದಾರಿಗೆ ಹೊರಡುವವರು ಅವನ ಮಾತಿಗೆ ಕಿವಿಗೊಡದೆ, ಹಿಂದೆ ದೊಡ್ಡ ಹಲ್ಲುಚಕ್ರ, ಮುಂದೆ ಚಿಕ್ಕದು ಇರುವ ಸೈಕಲ್ ಆರಿಸಿಕೊಳ್ಳುವುದು ಕ್ಷೇಮ. ಮಂಡಿ ಉಳಿಯುತ್ತದೆ.

● ಆದರೂ ಗೇರನ್ನು ಬೇಕೆಂದೇ ಕಿತ್ತುಹಾಕಿ ಹೊರಟ ಒಬ್ಬಾಕೆ ಇದ್ದರು. ಐರ್ಲೆಂಡಿನ ಡರ್ವ್ಲಾ ಮರ್ಫಿ. ಹತ್ತನೇ ಹುಟ್ಟುಹಬ್ಬಕ್ಕೆ ಒಂದು ಸೈಕಲ್ಲೂ ಒಂದು ಅಟ್ಲಾಸೂ ಸಿಕ್ಕಿದಾಗ ಭಾರತಕ್ಕೆ ಸೈಕಲ್ಲಿನಲ್ಲಿ ಹೋಗುವುದೆಂದು ತೀರ್ಮಾನಿಸಿದರು. ಹೊರಟದ್ದು 1963ರ ಜನವರಿಯಲ್ಲಿ, ಮೂವತ್ತೊಂದನೇ ವಯಸ್ಸಿಗೆ. ನಡುವಿನ ವರ್ಷಗಳು ಕಾಯಿಲೆಯ ತಾಯಿಯ ಆರೈಕೆಗೆ ಹೋದವು. ‘ರೋಜ್’ ಎಂದು ಹೆಸರಿಟ್ಟಿದ್ದ ಸೈಕಲ್ಲಿನ ಮೂರು ಗೇರುಗಳು ಏಷ್ಯಾದ ರಸ್ತೆಗೆ ತಾಳುವುದಿಲ್ಲವೆಂದು ಬಿಚ್ಚಿಸಿಹಾಕಿ, ಬ್ಯಾಗಿನಲ್ಲಿ ಒಂದು ಪಿಸ್ತೂಲಿಟ್ಟುಕೊಂಡು, ಅಫ್ಘಾನಿಸ್ತಾನ ದಾಟಿ, ಪಾಕಿಸ್ತಾನದ 4,173 ಮೀಟರ್ ಎತ್ತರದ ಬಾಬುಸರ್ ಘಾಟಿಯನ್ನು ಹಿಮದ ನಡುವೆ ಹಾದು ದೆಹಲಿ ತಲುಪಿದರು.

● ಬೇಸಿಗೆಯಲ್ಲಿ ಹಿಮ ಕರಗಿದ ನೀರು ರಸ್ತೆಗೇ ಹರಿಯುತ್ತದೆ. ಬೆಳಿಗ್ಗೆ ಏಳಕ್ಕೆ ಪಾದ ಮುಳುಗುವಷ್ಟಿದ್ದ ಹಳ್ಳ ಮಧ್ಯಾಹ್ನ ಮೂರಕ್ಕೆ ಮಂಡಿಗೆ ಬಂದಿರುತ್ತದೆ, ಏಕೆಂದರೆ ಹಗಲಿಡೀ ಬಿಸಿಲು ಮೇಲಿನ ಹಿಮವನ್ನು ಕರಗಿಸುತ್ತಿರುತ್ತದೆ. ಬೂಟು ಬಿಚ್ಚಿ ಕೊರಳಿಗೆ ಹಾಕಿಕೊಂಡು, ಚಪ್ಪಲಿಯಲ್ಲಿ ದಾಟುವುದು ಅನುಭವಿಗಳ ಪದ್ಧತಿ. ಬರಿಗಾಲು ಬೇಡ: ಆ ನೀರಿನಲ್ಲಿ ಒಂದು ನಿಮಿಷಕ್ಕೇ ಬೆರಳು ಮರಗಟ್ಟಿ, ಕಲ್ಲು ಚುಚ್ಚಿದ್ದೂ ತಿಳಿಯುವುದಿಲ್ಲ.

● ಈ ದಾರಿಯಲ್ಲಿ ಯಾವ ಘಾಟಿಯ ಯಾವ ಪಕ್ಕಕ್ಕೆ ನಿಮ್ಮ ಬಾಟಲಿಯ ನೀರು ಚೆಲ್ಲಿದರೂ ಕೊನೆಗೆ ಸೇರುವುದು ಬಹುತೇಕ ಸಿಂಧೂ ನದಿಯನ್ನೇ. ರೋಹ್ತಾಂಗ್‌ನ ಈಚೆ ಬಿಯಾಸ್, ಅದು ಸಟ್ಲೆಜ್ ಸೇರಿ ಸಿಂಧೂಗೆ. ಆಚೆ ಚಂದ್ರಾ ಮತ್ತು ಭಾಗಾ, ಟಾಂಡಿಯಲ್ಲಿ ಕೂಡಿ ಚಿನಾಬ್ ಆಗಿ ಸಿಂಧೂಗೆ. ಸರ್ಚು ಕಡೆಯ ಸರಪ್ ನದಿ ಝನ್‌ಸ್ಕಾರ್ ಮೂಲಕ ಸಿಂಧೂಗೆ. ತಂಗ್ಲಾಂಗ್ ಲಾ ಇಳಿದರೆ ಉಪ್ಶಿಯಲ್ಲಿ ಸಿಂಧೂವೇ ಎದುರಾಗುತ್ತದೆ.

● ಪಾಂಗ್ ಆದಮೇಲೆ ಬರುವ ಮೋರೆ ಬಯಲು ನಲವತ್ತು ಕಿ.ಮೀ. ಹತ್ತಿರ, ಬಹುಪಾಲು ಸಪಾಟು, ಸುಮಾರು 4,700 ಮೀಟರ್‌ನಲ್ಲಿ. ಕುರಿ, ಯಾಕ್, ಪಶ್ಮೀನಾ ಮೇಕೆ ಮೇಯಿಸುವ ಚಾಂಗ್ಪಾ ಅಲೆಮಾರಿಗಳ ಸೀಮೆ. ಸಪಾಟು ಎಂದು ಖುಷಿಪಟ್ಟವರಿಗೆ ಮಧ್ಯಾಹ್ನದ ಎದುರುಗಾಳಿ ಪಾಠ ಕಲಿಸುತ್ತದೆ. ಘಾಟಿ ಏರುವಾಗಿನ ವೇಗವೇ ಇಲ್ಲೂ, ಏರಿದ ಸಮಾಧಾನ ಮಾತ್ರ ಇಲ್ಲ.

● ತೆಳು ಗಾಳಿಯಿಂದ ಲಾಭವೂ ಇದೆ. ತಡೆ ಕಡಿಮೆ. ಸೈಕಲ್ ಓಟಗಾರ ಎಡ್ಡಿ ಮರ್ಕ್ಸ್ 1972ರಲ್ಲಿ ಒಂದು ಗಂಟೆಯಲ್ಲಿ 49.431 ಕಿ.ಮೀ. ತುಳಿದ ದಾಖಲೆಗೆ ಆರಿಸಿಕೊಂಡದ್ದು 2,200 ಮೀಟರ್‌ಗೂ ಎತ್ತರದ ಮೆಕ್ಸಿಕೊ ನಗರವನ್ನು. ಐದು ಸಾವಿರ ಮೀಟರ್‌ನಲ್ಲಿ ಆ ಲಾಭವನ್ನು ಉಸಿರು ನುಂಗಿಹಾಕುತ್ತದೆ.

● ಇಳಿಯುವಾಗ ಮಾತ್ರ ಆ ಲಾಭ ಪೂರ್ತಿ ಸಿಗುತ್ತದೆ, ಬೇಡವೆಂದರೂ. ತಂಗ್ಲಾಂಗ್ ಲಾದಿಂದ ಉಪ್ಶಿಗೆ 1,900 ಮೀಟರ್ ಇಳಿತ. ನೂರು ಕಿಲೋ ಭಾರ ಅಷ್ಟು ಇಳಿದಾಗ ಹೊಮ್ಮುವ ಶಕ್ತಿಯಲ್ಲಿ ಐದಾರು ಲೀಟರ್ ತಣ್ಣೀರು ಕುದಿಸಬಹುದು. ಅದರಲ್ಲಿ ಗಾಳಿ ಹೀರಿಕೊಳ್ಳದ ಪಾಲೆಲ್ಲ ಶಾಖವಾಗಿ ಬ್ರೇಕ್‌ಗೇ ಹೋಗಬೇಕು. ಒತ್ತಿಹಿಡಿದು ಇಳಿಯಬಾರದು, ಬಿಟ್ಟು ಬಿಟ್ಟು ಒತ್ತಬೇಕು, ನಡುವೆ ನಿಂತು ತಣಿಸಬೇಕು. ಏರುವಾಗ ಬೆವರಿನಿಂದ ತೊಯ್ದ ಅಂಗಿ ಇಳಿಯುವಾಗ ಮೈಯ ಶಾಖವನ್ನೆಲ್ಲ ಕದಿಯುತ್ತದೆ. ಯುರೋಪಿನ ಸವಾರರು ಹಿಂದೆ ಘಾಟಿಯ ನೆತ್ತಿಯಲ್ಲಿ ಪ್ರೇಕ್ಷಕರ ಕೈಯಿಂದ ದಿನಪತ್ರಿಕೆ ಕಿತ್ತುಕೊಂಡು ಅಂಗಿಯೊಳಗೆ ಎದೆಗೆ ತುರುಕಿಕೊಳ್ಳುತ್ತಿದ್ದರು. ಪತ್ರಿಕೆಗಳಿಗೆ ಇದಕ್ಕಿಂತ ಪ್ರಾಮಾಣಿಕ ಉಪಯೋಗ ನಾನು ಕೇಳಿಲ್ಲ.

● ಲೇಹ್‌ನಿಂದ ಖಾರ್ದುಂಗ್ ಲಾಗೆ ಸುಮಾರು 40 ಕಿ.ಮೀ. ಅಲ್ಲಿನ ಬೋರ್ಡು ವರ್ಷಗಟ್ಟಲೆ ಸಾರುತ್ತಿದ್ದದ್ದು 18,380 ಅಡಿ, ವಾಹನ ಓಡುವ ಜಗತ್ತಿನ ಅತಿ ಎತ್ತರದ ರಸ್ತೆ ಎಂದು. ಜಿಪಿಎಸ್ ಬಂದು ಅಳೆದರೆ 17,582 ಅಡಿ, ಅಂದರೆ 5,359 ಮೀಟರ್. ಎಂಟುನೂರು ಅಡಿ ಎಲ್ಲಿ ಹೋಯಿತೋ! ಇನ್ನೊಂದು ತಮಾಷೆ: ತಂಗ್ಲಾಂಗ್ ಲಾದ ಬೋರ್ಡಿನಲ್ಲಿ ಬರೆದಿರುವ ಎತ್ತರವೂ ಇದೇ 17,582 ಅಡಿ, ಅದರ ನಿಜವಾದ ಎತ್ತರ ನೂರು ಅಡಿ ಕಡಿಮೆ. ಈ ಜಗಳಕ್ಕೆ ಈಗ ಅರ್ಥವಿಲ್ಲ. ಲಡಾಖ್‌ನ ಉಮ್ಲಿಂಗ್ ಲಾ ರಸ್ತೆ 19,024 ಅಡಿಯಲ್ಲಿದ್ದು, 2021ರಲ್ಲಿ ಗಿನ್ನೆಸ್ ಪ್ರಮಾಣಪತ್ರವನ್ನೂ ಪಡೆಯಿತು.

● ಲೇಹ್‌ನ ಅಂಗಡಿಗಳಲ್ಲಿ ಖಾರ್ದುಂಗ್ ಲಾ ‘ಸೈಕಲ್ ಸವಾರಿ’ ಮಾರುತ್ತಾರೆ. ಸೈಕಲ್ಲೂ ನೀವೂ ಗಾಡಿಯಲ್ಲಿ ನೆತ್ತಿಗೆ ಹೋಗುತ್ತೀರಿ. ಅಲ್ಲಿಂದ ಪೇಟೆವರೆಗೆ ಪೆಡಲ್ ಮುಟ್ಟದೆ ಜಾರಿ ಬರುತ್ತೀರಿ. ಫೋಟೊದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

● 2020ರ ಅಕ್ಟೋಬರ್ 3ರಂದು ರೋಹ್ತಾಂಗ್ ಕೆಳಗಿನ 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆಯಿತು. ಮನಾಲಿ–ಲೇಹ್ ದಾರಿ 46 ಕಿ.ಮೀ. ಕಡಿಮೆಯಾಯಿತು. ಲಾರಿಗಳೆಲ್ಲ ಸುರಂಗಕ್ಕೆ ಹೊರಳಿದ್ದರಿಂದ, ಹೊಗೆ ಕುಡಿಯುತ್ತಾ ಏರಬೇಕಿದ್ದ ರೋಹ್ತಾಂಗ್ ಸೈಕಲ್ಲಿನವರಿಗೆ ಹಗುರಾಯಿತು. ಮುಂದಿನದು ಶಿಂಕು ಲಾ. ದಾರ್ಚಾದಿಂದ ಝನ್‌ಸ್ಕಾರ್ ಮೂಲಕ ಲೇಹ್ ಕಡೆಗೆ ಹೋಗುವ ರಸ್ತೆಯಲ್ಲಿ, ಸುಮಾರು 15,800 ಅಡಿ ಎತ್ತರದಲ್ಲಿ 4.1 ಕಿ.ಮೀ. ಉದ್ದದ ಜೋಡಿ ಸುರಂಗಕ್ಕೆ 2024ರ ಜುಲೈನಲ್ಲಿ ಮೊದಲ ಸ್ಫೋಟ ನಡೆಯಿತು. ಅದು ಮುಗಿದರೆ ಲಾರಿಗಳಿಗೆ ಬಾರಾಲಾಚಾ, ನಕೀ, ಲಾಚುಂಗ್, ತಂಗ್ಲಾಂಗ್ ನಾಲ್ಕನ್ನೂ ಬಿಟ್ಟು ವರ್ಷಪೂರ್ತಿ ಓಡುವ ದಾರಿ ಸಿಗುತ್ತದೆ.

ಹಳೆಯ ರಸ್ತೆ ಪೂರಾ ನಮಗೇ ಎಂದು ಸೈಕಲ್ ಬಳಗದಲ್ಲಿ ಈಗಲೇ ಸಂಭ್ರಮಿಸುವವರಿದ್ದಾರೆ. ಅವರು ಒಂದು ಲೆಕ್ಕ ಮರೆಯುತ್ತಾರೆ. ಸರ್ಚು, ಪಾಂಗ್‌ಗಳ ಢಾಬಾಗಳು ಬದುಕಿರುವುದೇ ಲಾರಿಯವರ ಊಟದಿಂದ, ಗಾಡಿಗಳಲ್ಲಿ ಬರುವ ಪ್ರವಾಸಿಗರಿಂದ. ದಿನಕ್ಕೆ ಇಬ್ಬರೋ ಮೂವರೋ ಸೈಕಲ್ ಸವಾರರು ತಿನ್ನುವ ಮ್ಯಾಗಿಯನ್ನು ನಂಬಿ, ಜೂನ್ ತಿಂಗಳಲ್ಲಿ ಡೇರೆ, ಒಲೆ, ಹಾಸಿಗೆ ಹೊತ್ತು 4,600 ಮೀಟರ್‌ಗೆ ಬಂದು ಅಂಗಡಿ ಹಾಕುವ ಹೆಂಗಸರು ಯಾರೂ ಸಿಗಲಾರರು.